ಬೆಂಕಿ ಬೇಡುವ ಕಾಡು

"ನಾಳೆ ಹತ್ತು ಗಂಟೆಗೆ ಕಾಡಿಗೆ ಬೆಂಕಿ ಹಾಕ್ತೇವೆ. ನೋಡೋಕೆ ಬರ್ತೀರಾ?"

ಫೋನಿನಲ್ಲಿ ಬಂದ ಈ ಮಾತನ್ನು ಅಳಿಯ ಕನ್ನಡಕ್ಕೆ ತಿರುಗಿಸಿ ಹೇಳಿದಾಗ ನನಗೆ ನಗುವುದೋ ಹೆದರುವುದೋ ತಿಳಿಯಲಿಲ್ಲ. ಗದ್ದೆಯ ಕೂಳೆಗಲ್ಲ, ಕಸದ ರಾಶಿಗಲ್ಲ, ಮರ ನಿಂತ ಕಾಡಿಗೆ ಬೆಂಕಿ! ಹಚ್ಚುವವರು ಕಳ್ಳರಲ್ಲ, ಆ ಕಾಡಿನ ಯಜಮಾನರೇ. ಅದೂ ಸರಕಾರದ ಪರವಾನಗಿ ಪಡೆದು.

ಇದು ನಡೆದದ್ದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, 2024ರ ಮಾರ್ಚಿನಲ್ಲಿ. ಮಗಳು ಅಳಿಯ ಅಟ್ಲಾಂಟಾದಲ್ಲಿದ್ದಾರೆ. ಅಡಿಕೆ ಕೊಯ್ಲು ಮುಗಿಸಿ ಹೋದವನು ನಾಲ್ಕು ತಿಂಗಳು ಅಲ್ಲಿ ಕೂತೆ. ಕೂತದ್ದೇ ಶಿಕ್ಷೆ. ನನ್ನ ಚಡಪಡಿಕೆ ನೋಡಿ ಅಳಿಯ ತನ್ನ ಆಫೀಸಿನ ಸ್ನೇಹಿತನೊಬ್ಬನ ಮಾವನ ಪರಿಚಯ ಮಾಡಿಸಿದ. ರಾಜ್ಯದ ನೈಋತ್ಯ ಮೂಲೆಯಲ್ಲಿ, ಅಟ್ಲಾಂಟಾದಿಂದ ನಾಲ್ಕು ತಾಸಿನ ಹಾದಿಯಲ್ಲಿ ಅವರ ಮನೆ. ವಯಸ್ಸು ಎಪ್ಪತ್ತೆರಡು. ಶೇಂಗಾ, ಒಂದಿಷ್ಟು ಪೆಕಾನ್ ಮರ, ನಲವತ್ತು ಎಕರೆ ಪೈನ್ ಕಾಡು. ಆ ದೇಶದ ಲೆಕ್ಕಕ್ಕೆ ಸಣ್ಣ ಹಿಡುವಳಿ. ಹೆಸರು ಹಾಕೋದು ಬೇಡ ಅಂದಿದ್ದಾರೆ. ಹಾಗಾಗಿ 'ಯಜಮಾನರು' ಎಂದೇ ಬರೆಯುತ್ತೇನೆ.

ಬೆಂಕಿ ಎಂದರೆ ನನಗೆ ಹೆದರಿಕೆ ಇರುವುದಕ್ಕೆ ಕಾರಣ ಉಂಟು. 2003ರ ಮಾರ್ಚಿನಲ್ಲಿ ಬೇಣದ ಅಂಚಿನ ಕಸಕ್ಕೆ ನಾನೇ ಹಚ್ಚಿದ ಬೆಂಕಿ ಗಾಳಿಗೆ ಹಾರಿ ನಮ್ಮ ಸೊಪ್ಪಿನ ಬೆಟ್ಟ ಹೊಕ್ಕಿತು. ಊರವರೆಲ್ಲ ಹಸಿ ಸೊಪ್ಪು ಹಿಡಿದು ರಾತ್ರಿ ಹನ್ನೊಂದರ ತನಕ ಬಡಿದರು. ಎರಡು ಎಕರೆಯಷ್ಟು ಹೋಯಿತು. ಅಪ್ಪ ಬೈಯಲಿಲ್ಲ. ಬೆಳಿಗ್ಗೆ ಕರಿ ನೆಲದಲ್ಲಿ ನಿಂತು, "ನಂದಿ, ಹೊನ್ನೆ ಗಿಡ ಈಗಷ್ಟೇ ಎದೆಮಟ್ಟ ಬಂದಿದ್ವು" ಅಂದ್ರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಇಲ್ಲಿ ಕಾಡು ಕೊಂದ ಬೆಂಕಿ ಅಲ್ಲಿ ಕಾಡು ಉಳಿಸುವುದು ಹೇಗೆ? ಇದು ತಿಳಿಯಬೇಕು ಅಂತಲೇ ಮಾರನೇ ದಿನ ಕತ್ತಲೆಯಲ್ಲೇ ಎದ್ದು ಕಾರು ಹತ್ತಿದೆ.

ಎರಡು ಕರ್ನಾಟಕದಷ್ಟು ಕಾಡು

ಅಲ್ಲಿಯವರು ಈ ಮರಕ್ಕೆ ಲಾಂಗ್‌ಲೀಫ್ ಪೈನ್ ಅನ್ನುತ್ತಾರೆ. ನಾವು ಉದ್ದೆಲೆ ಪೈನ್ ಅನ್ನೋಣ. ಒಂದೊಂದು ತೊಟ್ಟಿಗೆ ಮೂರು ಮೂರು ಸೂಜಿ ಎಲೆ. ಎಲೆಯ ಉದ್ದ ಎಂಟರಿಂದ ಹದಿನೆಂಟು ಇಂಚು. ಕಾಯಿಯೇ ಗೇಣುದ್ದ. ಮರಕ್ಕೆ ಮುನ್ನೂರು ವರ್ಷ ದೊಡ್ಡದಲ್ಲ. ಉತ್ತರ ಕೆರೊಲಿನಾದಲ್ಲಿ ಇವತ್ತಿಗೂ ನಿಂತಿರುವ ಒಂದು ಮರ 1548ರದ್ದು ಎಂದು ಉಂಗುರ ಎಣಿಸಿ ಲೆಕ್ಕ ಹಾಕಿದ್ದಾರೆ. ವಿಜಯನಗರ ಇನ್ನೂ ಹಾಳಾಗುವ ಮೊದಲು ಮೊಳೆತ ಗಿಡ!

ಯುರೋಪಿನವರು ಬಂದು ನೆಲೆಸುವ ಮುಂಚೆ, ವರ್ಜೀನಿಯಾದಿಂದ ಹಿಡಿದು ಪೂರ್ವ ಟೆಕ್ಸಾಸಿನ ತನಕ ಈ ಕಾಡು ಸುಮಾರು 9 ಕೋಟಿ ಎಕರೆಯಲ್ಲಿ ಹಬ್ಬಿತ್ತು. ನಮ್ಮ ಇಡೀ ಕರ್ನಾಟಕವೇ 4.74 ಕೋಟಿ ಎಕರೆ. ಅಂದರೆ ಹತ್ತಿರ ಹತ್ತಿರ ಎರಡು ಕರ್ನಾಟಕದಷ್ಟು. 1990ರ ದಶಕಕ್ಕೆ ಬರುವಾಗ ಉಳಿದದ್ದು 30 ಲಕ್ಷ ಎಕರೆ ಚಿಲ್ಲರೆ. ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದೂ ಹರಿದ ಬಟ್ಟೆಯ ತುಂಡುಗಳ ಹಾಗೆ ಅಲ್ಲಲ್ಲಿ.

ಎಲ್ಲಿ ಹೋಯಿತು? ಮೊದಲು ರಾಳಕ್ಕೆ. ಮರದ ಹಡಗುಗಳ ಕಾಲದಲ್ಲಿ ಹಲಗೆಯ ಸಂದು ಮುಚ್ಚುವುದಕ್ಕೆ, ಹಗ್ಗಕ್ಕೆ ಬಳಿಯುವುದಕ್ಕೆ ಪೈನಿನ ಟಾರು ಬೇಕಿತ್ತು. ಆಮೇಲೆ ಟರ್ಪೆಂಟೈನಿಗೆ ಬೇಡಿಕೆ. ಉತ್ತರ ಕೆರೊಲಿನಾದವರನ್ನು ಇವತ್ತಿಗೂ 'ಟಾರ್ ಹೀಲ್', ಅಂದರೆ ಟಾರು ಹಿಮ್ಮಡಿಯವರು ಅಂತ ಕರೆಯುತ್ತಾರೆ. ನಮ್ಮಲ್ಲಿ ಹಾಲ್ಮಡ್ಡಿಗೆ ಕಚ್ಚು ಹಾಕುತ್ತಾರಲ್ಲ, ಅಲ್ಲಿ ಕಚ್ಚಲ್ಲ, ಜೀವಂತ ಮರದ ಬುಡಕ್ಕೆ ಪೆಟ್ಟಿಗೆಯಂಥ ಗುಂಡಿಯನ್ನೇ ಕಡಿಯುತ್ತಿದ್ದರು. ಮರ ಸೋತು, ಗಾಳಿಗೆ ಮುರಿದು ಬೀಳುತ್ತಿತ್ತು. ಚಾರ್ಲ್ಸ್ ಹರ್ಟಿ ಎಂಬ ರಸಾಯನಶಾಸ್ತ್ರಜ್ಞರು 1900ರ ನಂತರ ರಬ್ಬರು ಮರಕ್ಕೆ ಕಟ್ಟುವ ಹಾಗೆ ಮಣ್ಣಿನ ಬಟ್ಟಲು ತೂಗುಹಾಕುವ ಉಪಾಯ ತಂದರು. ಅಷ್ಟರಲ್ಲಿ ತಡವಾಗಿತ್ತು. 1870ರಿಂದ 1930ರ ತನಕ ರೈಲು ಹಳಿಯೂ ಗರಗಸದ ಮಿಲ್ಲೂ ಒಟ್ಟಿಗೆ ಕಾಡು ಹೊಕ್ಕಿದ್ದವು.

ಕಡಿದ ಕಾಡು ತಾನಾಗಿ ಯಾಕೆ ಏಳಲಿಲ್ಲ? ಒಂದು ಕಾರಣ ನಮಗೆ ಚೆನ್ನಾಗಿ ಗೊತ್ತಿರುವುದೇ: ಹಂದಿ! ಮೇಯಲು ಬಿಟ್ಟ ಹಂದಿಗಳು ಎಳೆ ಗಿಡದ ದಪ್ಪ ಬೇರಿನ ರುಚಿ ಹಿಡಿದವು. ಒಂದು ಹಂದಿ ದಿನಕ್ಕೆ ನೂರಾರು ಸಸಿ ಕಿತ್ತು ತಿನ್ನಬಲ್ಲದು. ಇನ್ನೊಂದು ಕಾರಣ, ಕಡಿದ ಜಾಗಕ್ಕೆ ಬೇಗ ಬೆಳೆಯುವ ಲಾಬ್‌ಲಾಲಿ ಪೈನ್ ತಂದು ನೆಟ್ಟದ್ದು. ನಮ್ಮ ಅಕೇಶಿಯಾದ ಕತೆಯ ಹಾಗೆಯೇ. ಮೂರನೆಯದು ದೊಡ್ಡ ಕಾರಣ: ಬೆಂಕಿ ನಿಲ್ಲಿಸಿದ್ದು. ಅದು ಅರ್ಥವಾಗಬೇಕಾದರೆ ಈ ಗಿಡದ ಸ್ವಭಾವ ತಿಳಿಯಬೇಕು.

ಹುಲ್ಲಿನ ವೇಷದ ಮರ

ಯಜಮಾನರು 2020ರಲ್ಲಿ ನೆಟ್ಟ ಜಾಗಕ್ಕೆ ಕರೆದುಕೊಂಡು ಹೋದರು. "ಎಲ್ಲಿ ಗಿಡ?" ಅಂತ ಕೇಳಿದೆ. ನಕ್ಕು ಕಾಲ ಬುಡ ತೋರಿಸಿದರು. ಒಂದು ಹುಲ್ಲಿನ ಬುಡ್ಡೆ! ನಾಲ್ಕು ವರ್ಷದ ಗಿಡ, ಎತ್ತರ ಒಂದಡಿ ಇಲ್ಲ. ಕಾಂಡವೇ ಕಾಣುವುದಿಲ್ಲ.

ಇದಕ್ಕೆ ಹುಲ್ಲಿನ ಹಂತ ಎಂದೇ ಹೆಸರು. ಎರಡು ಮೂರು ವರ್ಷದಿಂದ ಹಿಡಿದು ಕೆಲವು ಸಲ ಹತ್ತು ವರ್ಷಕ್ಕೂ ಮೇಲೆ ಗಿಡ ಹೀಗೇ ಕೂತಿರುತ್ತದೆ. ಮೇಲೆ ಏನೂ ನಡೆಯುವುದಿಲ್ಲ. ಕೆಲಸ ಎಲ್ಲ ನೆಲದೊಳಗೆ. ತಾಯಿಬೇರು ಆಳಕ್ಕೆ ಇಳಿಯುತ್ತದೆ, ಬುಡ ದಪ್ಪವಾಗುತ್ತದೆ. ಬುಡದ ದಪ್ಪ ಸುಮಾರು ಒಂದು ಇಂಚು ಬಂತು ಅಂದರೆ ಗಿಡ ಏಳುವ ಕಾಲ ಬಂತು ಅಂತ ಲೆಕ್ಕ. ಎದ್ದ ಮೇಲೆ ಕೊಂಬೆ ಸಹ ಒಡೆಯದೆ ಮೊಂಬತ್ತಿಯ ಹಾಗೆ ನೆಟ್ಟಗೆ ವರ್ಷಕ್ಕೆ ಮೂರು ನಾಲ್ಕು ಅಡಿ ಏರುತ್ತದೆ.

ಬೆಂಕಿಗೆ ತಯಾರಾದ ಗಿಡ ಇದು. ಹುಲ್ಲಿನ ಹಂತದಲ್ಲಿ ಸುಳಿ ನೆಲಕ್ಕೆ ತಾಗಿಕೊಂಡು, ಹಸಿ ಎಲೆಯ ದಟ್ಟ ಕಟ್ಟಿನ ನಡುವೆ ಇರುತ್ತದೆ. ಬೆಂಕಿ ಬಂದರೆ ಎಲೆಯ ತುದಿ ಸುಡುತ್ತದೆ. ಒಳಗಿನ ನೀರಿನ ಪಸೆ ಸುಳಿ ಕಾಯುತ್ತದೆ. ಅಷ್ಟರಲ್ಲಿ ಬೆಂಕಿ ಮುಂದೆ ಹೋಗಿ ಆಗಿರುತ್ತದೆ. ಅಪಾಯ ಇರುವುದು ಗಿಡ ಎದ್ದ ಹೊಸತರಲ್ಲಿ, ಒಂದಡಿಯಿಂದ ಮೂರ್ನಾಲ್ಕು ಅಡಿ ಎತ್ತರದಲ್ಲಿ. ಆಗ ಸುಳಿ ಸರಿಯಾಗಿ ಜ್ವಾಲೆಯ ಮಟ್ಟಕ್ಕೆ ಬರುತ್ತದೆ. ಅದಕ್ಕೇ ಆ ಹಂತವನ್ನು ಓಡಿ ದಾಟುವ ಹಾಗೆ ಬೇಗ ಬೆಳೆಯುವುದು. ಅಡಿಕೆ ಬೆಳೆಯುವ ನಮಗೆ ಸುಳಿಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ.

ಬೆಂಕಿಯಿಂದ ಇನ್ನೊಂದು ಲಾಭ. ಹುಲ್ಲಿನ ಹಂತದಲ್ಲಿ ಈ ಗಿಡಕ್ಕೆ ಶಿಲೀಂಧ್ರದಿಂದ ಕಂದು ಚುಕ್ಕಿ ರೋಗ ಬರುತ್ತದೆ, ಈಗ ನಮ್ಮ ಅಡಿಕೆಗೆ ಎಲೆಚುಕ್ಕಿ ಬಂದ ಹಾಗೆ. ಬೆಂಕಿ ರೋಗದ ಎಲೆಯನ್ನೆಲ್ಲ ಸುಟ್ಟು ಹಾಕುತ್ತದೆ. ಹೊಸ ಎಲೆ ಚೊಕ್ಕಟ ಬರುತ್ತದೆ. ಬೋರ್ಡೋ ಬೇಡ!

ಬೀಜಕ್ಕೂ ಬೆಂಕಿ ಬೇಕು. ಒಳ್ಳೆಯ ಕಾಯಿ ಹಿಡಿಯುವುದು ಐದಾರು ವರ್ಷಕ್ಕೊಮ್ಮೆ. ರೆಕ್ಕೆ ಬೀಜ ಗಾಳಿಗೆ ಹಾರಿ ಬೋಳು ಮಣ್ಣಿಗೆ ತಾಗಿದರೆ ಮಾತ್ರ ಬದುಕು. ದರಕಿನ ಮೇಲೆ ಬಿದ್ದರೆ ಬೇರು ಮಣ್ಣು ಮುಟ್ಟುವ ಮೊದಲೇ ಒಣಗುತ್ತದೆ.

ಆರಿಸಿದ್ದೇ ಮುಳುವಾಯ್ತು

ಹಿಂದೆ ಈ ಕಾಡಿಗೆ ಎರಡು ಮೂರು ವರ್ಷಕ್ಕೊಮ್ಮೆ ಬೆಂಕಿ ಬೀಳುತ್ತಿತ್ತು. ಮಳೆಗಾಲದ ಮೊದಲ ಸಿಡಿಲಿನಿಂದ ಕೆಲವು, ಅಲ್ಲಿಯ ಮೂಲನಿವಾಸಿಗಳು ಹಾಕಿದ್ದು ಕೆಲವು. ನೆಲದ ಹುಲ್ಲು, ಉದುರಿದ ಎಲೆ ಮಾತ್ರ ಉರಿದು ಹೋಗುತ್ತಿತ್ತು. ಮರಗಳು ದೂರ ದೂರ, ನಡುವೆ ಬಿಸಿಲು ಬೀಳುವ ಹುಲ್ಲುಗಾವಲು. ಒಂದು ಚದರ ಮೀಟರು ಜಾಗದಲ್ಲಿ ನಲವತ್ತು ಜಾತಿಯ ತನಕ ಹುಲ್ಲು, ಹೂಗಿಡ ಎಣಿಸಿದ್ದಾರೆ.

ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಸರಕಾರ ಎಲ್ಲ ಬೆಂಕಿಯೂ ಶತ್ರು ಅಂತ ಪ್ರಚಾರ ಹಿಡಿಯಿತು. 1944ರಲ್ಲಿ 'ಸ್ಮೋಕಿ' ಎಂಬ ಟೋಪಿ ಹಾಕಿದ ಕರಡಿಯ ಚಿತ್ರ ಶಾಲೆ ಶಾಲೆಗೂ ಬಂತು. ಬೆಂಕಿ ನಿಂತಿತು. ನಿಂತ ಹತ್ತು ಹದಿನೈದು ವರ್ಷದಲ್ಲಿ ಓಕ್, ಸ್ವೀಟ್‌ಗಮ್ ಪೊದೆಗಳು ಎದ್ದು ನೆರಳು ಕಟ್ಟಿದವು. ಹುಲ್ಲು ಸತ್ತಿತು. ಪೈನಿನ ಮರಿ ಹುಟ್ಟುವುದು ನಿಂತಿತು. ದೊಡ್ಡ ಮರ ಇತ್ತು, ಮಕ್ಕಳಿಲ್ಲ. ದೂರದಿಂದ ನೋಡಿದರೆ ಹಸಿರೇ ಹಸಿರು. ಕಾಡು ಸಾಯುತ್ತಾ ಇದೆ ಅಂತ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಒಂದು ಲಾವಕ್ಕಿಯಿಂದ! ದಕ್ಷಿಣ ಜಾರ್ಜಿಯಾದ ಥಾಮಸ್‌ವಿಲ್ ಸುತ್ತ ಶ್ರೀಮಂತರ ಬೇಟೆ ಎಸ್ಟೇಟುಗಳಿವೆ. ಬೇಟೆಯ ಲಾವಕ್ಕಿ ಕಡಿಮೆಯಾಯಿತು ಅಂತ 1924ರಲ್ಲಿ ಹರ್ಬರ್ಟ್ ಸ್ಟಾಡರ್ಡ್ ಅವರನ್ನು ಅಭ್ಯಾಸಕ್ಕೆ ಕರೆಸಿದರು. ಅವರು ಕಂಡುಕೊಂಡ ಕಾರಣಗಳಲ್ಲಿ ಮುಖ್ಯವಾದದ್ದು, ಬೆಂಕಿ ನಿಂತದ್ದು. 1931ರಲ್ಲಿ ಪುಸ್ತಕ ಬರೆದು ಹೇಳಿದರು. ದೊಡ್ಡವರಿಗೆ ಸಿಟ್ಟು ಬಂತು. ಕೊನೆಗೆ ಅವರೂ ಅವರ ಜೊತೆಯವರೂ ಸೇರಿ 1958ರಲ್ಲಿ ಫ್ಲಾರಿಡಾದ ಗಡಿಯಲ್ಲಿ 'ಟಾಲ್ ಟಿಂಬರ್ಸ್' ಎಂಬ ಸಂಶೋಧನಾ ಕೇಂದ್ರ ಕಟ್ಟಿದರು. ಕಾಡು ಮತ್ತು ಬೆಂಕಿಯ ಸಂಬಂಧವನ್ನು ಅದು ಇವತ್ತಿಗೂ ಓದುತ್ತಾ ಇದೆ. ಸರಕಾರ ತಿದ್ದಿಕೊಳ್ಳಲು ಎಷ್ಟೋ ವರ್ಷ ಬೇಕಾಯಿತು. ಫ್ಲಾರಿಡಾ ರಾಜ್ಯ 1990ರಲ್ಲಿ ಕಾನೂನು ಮಾಡಿ, ಕ್ರಮ ಪ್ರಕಾರ ತನ್ನ ಕಾಡಿಗೆ ಬೆಂಕಿ ಹಾಕುವುದು ಭೂಮಾಲಿಕನ ಹಕ್ಕು ಎಂದು ಒಪ್ಪಿತು.

ಬೆಂಕಿ ಹಾಕಿದ ದಿನ

ನಾವು ತಲುಪುವ ಹೊತ್ತಿಗೆ ಯಜಮಾನರು, ಅವರ ಮಗ, ಇಬ್ಬರು ಪಕ್ಕದ ರೈತರು ತಯಾರಾಗಿ ನಿಂತಿದ್ದರು. ಈ ರೈತರು ಮುಯ್ಯಾಳಿನ ಕ್ರಮದಲ್ಲಿ ಒಬ್ಬರ ಕಾಡಿಗೆ ಇನ್ನೊಬ್ಬರು ಬರುತ್ತಾರೆ. ಬೆಂಕಿ ಹಾಕಬೇಕಾದ ಜಾಗ ಹತ್ತು ಎಕರೆ. ಅದರಲ್ಲಿ ದೊಡ್ಡದು 2009ರಲ್ಲಿ ನೆಟ್ಟ ಮರ, ಒಂದು ತುಂಡು ಹುಲ್ಲಿನ ಹಂತದ್ದು.

ನಾನು ಕಂಡ ಕ್ರಮ ಹೀಗೆ:

* ಸುತ್ತ ಟ್ರಾಕ್ಟರಿನ ಹ್ಯಾರೋ ಹೊಡೆದು ಹತ್ತಡಿ ಅಗಲಕ್ಕೆ ಬೋಳು ಮಣ್ಣಿನ ಬೆಂಕಿರೇಖೆ. ಇದು ತಿಂಗಳ ಮೊದಲೇ ಆಗಿತ್ತು.

* ಬೆಳಿಗ್ಗೆ ರಾಜ್ಯದ ಅರಣ್ಯ ಇಲಾಖೆಗೆ ಫೋನು. ಆ ದಿನದ ಗಾಳಿ, ತೇವ ನೋಡಿ ಅವರು ಪರವಾನಗಿ ಕೊಡುತ್ತಾರೆ. ಹವೆ ಸರಿಯಿಲ್ಲ ಅಂದರೆ ಇಲ್ಲ. ಈ ಹತ್ತು ಎಕರೆಗೆ ಅದಕ್ಕಿಂತ ಮೊದಲು ಎರಡು ಸಲ ದಿನ ಗೊತ್ತು ಮಾಡಿ ಬಿಟ್ಟಿದ್ದರಂತೆ.

* ಅಕ್ಕಪಕ್ಕದ ಮನೆಗಳಿಗೆ ಮುಂಚೆಯೇ ತಿಳಿಸುವುದು. ಹೊಗೆ ಹೆದ್ದಾರಿಯ ಕಡೆ ಹೋಗದಂಥ ಗಾಳಿ ಬೇಕು. ಗಾಳಿ ತೀರ ಇಲ್ಲದಿದ್ದರೂ ಕಷ್ಟ, ದಿಕ್ಕು ಬದಲಿಸುವ ಗಾಳಿಯಂತೂ ಬೇಡವೇ ಬೇಡ.

* ಸಣ್ಣ ಗಾಡಿಯಲ್ಲಿ ನೀರಿನ ಟ್ಯಾಂಕು, ಪಂಪು. ಕೈಯಲ್ಲಿ ಬಡಿಯುವ ರಬ್ಬರು ಪಟ್ಟಿ. ಹತ್ತಿಯ ಬಟ್ಟೆ, ಚರ್ಮದ ಬೂಟು. ನನ್ನ ಪಾಲಿಸ್ಟರ್ ಅಂಗಿ ನೋಡಿ ಯಜಮಾನರು ತಮ್ಮದೊಂದು ಅಂಗಿ ತಂದು ಕೊಟ್ಟರು.

ಮೊದಲು ಗಾಳಿ ಹೋಗುವ ಕಡೆಯ ಅಂಚಿಗೆ ಬೆಂಕಿ ಇಟ್ಟರು. ಅಂದರೆ ಬೆಂಕಿ ಗಾಳಿಗೆ ಎದುರಾಗಿ, ನಿಧಾನ, ಹಿಂದೆ ಹಿಂದೆ ಸರಿಯುತ್ತಾ ಬರುತ್ತದೆ. ಅಂಚು ಒಂದಿಷ್ಟು ಅಗಲ ಕರಿಯಾದ ಮೇಲೆಯೇ ಒಳಗಿನ ಪಟ್ಟಿಗಳಿಗೆ. ಹಚ್ಚುವುದಕ್ಕೆ ಡ್ರಿಪ್ ಟಾರ್ಚ್ ಎಂಬ ಕ್ಯಾನು. ಡೀಸೆಲಿಗೆ ಸ್ವಲ್ಪ ಪೆಟ್ರೋಲು ಬೆರೆಸಿದ್ದು ಉರಿಯುತ್ತಾ ತೊಟ್ಟಿಕ್ಕುತ್ತದೆ. ನಡೆದಂತೆ ನೆಲದಲ್ಲಿ ಬೆಂಕಿಯ ಗೆರೆ.

ಪೈನ್ ಎಲೆ ಚಟಪಟ ಅಂದಿತು. ನನ್ನ ಎದೆ ಅದಕ್ಕಿಂತ ಜೋರು ಹೊಡೆದುಕೊಂಡಿತು. 2003ರ ಆ ಸಂಜೆ ಕಣ್ಣ ಮುಂದೆ ಬಂತು. ಆದರೆ ಜ್ವಾಲೆ ಮೊಣಕಾಲಿಗಿಂತ ಮೇಲೆ ಬರಲಿಲ್ಲ. ಮರದ ಬುಡಕ್ಕೆ ಬಂದು, ದಪ್ಪ ತೊಗಟೆಯ ಹೊರ ಸಿಪ್ಪೆ ನೆಕ್ಕಿ, ದಾಟಿ ಹೋಯಿತು. ಮೂರು ತಾಸಿನಲ್ಲಿ ಹತ್ತು ಎಕರೆ ಕರಿ. ಹಸಿ ಮರ ಒಂದೂ ಹೊತ್ತಿಕೊಳ್ಳಲಿಲ್ಲ. ಅಂಚಿನ ಒಂದು ಒಣ ಮರದ ಬುಡದಲ್ಲಿ ಹೊಗೆ ಬರುತ್ತಿತ್ತು. ಅದೊಂದಕ್ಕೇ ಸಂಜೆಯ ತನಕ ನೀರು ಹೊಯ್ದು, ಕೆದಕಿ, ಕೈಯಿಟ್ಟು ನೋಡಿದರು. "ಬೆಂಕಿ ಹಚ್ಚೋದು ಕಾಲು ಭಾಗ ಕೆಲಸ. ಆರಿದೆಯಾ ಅಂತ ನೋಡೋದು ಮುಕ್ಕಾಲು" ಅಂದರು ಯಜಮಾನರು. ಈ ಮಾತು ನನಗೆ ಇಪ್ಪತ್ತೊಂದು ವರ್ಷ ತಡವಾಗಿ ಸಿಕ್ಕಿತು.

ಹುಲ್ಲಿನ ಹಂತದ ಗಿಡಗಳೆಲ್ಲ ಸುಟ್ಟ ಪೊರಕೆಯ ಹಾಗೆ ಕಂಡವು. ಯಜಮಾನರು ಒಂದರ ಎಲೆ ಬಿಡಿಸಿ ತೋರಿಸಿದರು. ನಡುವೆ ಬೆಳ್ಳಗಿನ ಸುಳಿ, ಏನೂ ಆಗಿಲ್ಲ.

ಏಪ್ರಿಲ್ ಎರಡನೇ ವಾರ ಮತ್ತೆ ಹೋದೆ. ಕರಿ ನೆಲದ ತುಂಬ ಹಸಿರು ಚಿಗುರು. ತಂತಿಯ ಹಾಗೆ ಸಪೂರ ಇರುವ ಒಂದು ಹುಲ್ಲಿದೆ, ವೈರ್‌ಗ್ರಾಸ್ ಅಂತ. ಬೇಸಿಗೆಯ ಬೆಂಕಿ ತಾಗಿದರೆ ಮಾತ್ರ ಅದು ಚೆನ್ನಾಗಿ ಹೂವಾಗಿ ಬೀಜ ಕಟ್ಟುತ್ತದಂತೆ. ಬೆಂಕಿ ಹರಡುವುದೂ ಅದೇ ಹುಲ್ಲು, ಬೆಂಕಿಯಿಂದ ಹುಟ್ಟುವುದೂ ಅದೇ ಹುಲ್ಲು.

ಮನೆ ಕಟ್ಟುವ ಹಕ್ಕಿ, ಮನೆ ಕೊಡುವ ಆಮೆ

ಈ ಕಾಡು ಹೋದದ್ದರ ಜೊತೆ ಹೋದವು ಯಾವುವು? ಎರಡನ್ನು ಹೇಳುತ್ತೇನೆ.

ಒಂದು, ರೆಡ್ ಕಾಕೇಡೆಡ್ ಎಂಬ ಸಣ್ಣ ಮರಕುಟಿಗ. ಬೇರೆ ಮರಕುಟಿಗಗಳು ಹೆಚ್ಚಾಗಿ ಸತ್ತ ಮರಕ್ಕೆ ತೂತು ಕೊರೆದರೆ, ಇದಕ್ಕೆ ಜೀವಂತ ಪೈನೇ ಆಗಬೇಕು. ಅದೂ ಎಂಬತ್ತು ನೂರು ವರ್ಷದ, ಒಳಗಿನ ಚೇಗು ಸ್ವಲ್ಪ ಮೆತ್ತಗಾದ ಮರ. ಗೂಡು ಕೊರೆಯಲು ವರ್ಷಗಟ್ಟಲೆ ಬೇಕು. ಸುತ್ತ ತೊಗಟೆ ಕುಕ್ಕಿ ಅಂಟು ಸುರಿಯುವ ಹಾಗೆ ಮಾಡುತ್ತದೆ, ಹಾವು ಹತ್ತಬಾರದು ಅಂತ! ಹಳೆ ಮರ ಹೋಯಿತು, ಹಕ್ಕಿಗೆ ಮನೆಯಿಲ್ಲ. 1970ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. 1989ರ ಹ್ಯೂಗೋ ಚಂಡಮಾರುತ ದಕ್ಷಿಣ ಕೆರೊಲಿನಾದಲ್ಲಿ ಗೂಡಿನ ಮರಗಳನ್ನು ಉರುಳಿಸಿದಾಗ, ಉಳಿದ ಮರಗಳಿಗೆ ಮರದ ಪೆಟ್ಟಿಗೆ ಕೂರಿಸಿ ಕೊಟ್ಟರು. ಹಕ್ಕಿ ಒಪ್ಪಿಕೊಂಡಿತು. ನಾನು ಊರಿಗೆ ಬಂದ ಮೇಲೆ, 2024ರ ಅಕ್ಟೋಬರಿನಲ್ಲಿ, ಅದನ್ನು ಒಂದು ಮೆಟ್ಟಿಲು ಕಡಿಮೆ ಅಪಾಯದ ಪಟ್ಟಿಗೆ ಇಳಿಸಿದರು. ಐವತ್ತನಾಲ್ಕು ವರ್ಷದ ದುಡಿಮೆ.

ಇನ್ನೊಂದು, ಗೋಫರ್ ಆಮೆ. ಮರಳು ನೆಲದಲ್ಲಿ ಹತ್ತಾರು ಅಡಿ ಉದ್ದದ ಬಿಲ ತೋಡುತ್ತದೆ. ಬೆಂಕಿ ಬಂದಾಗ ಹಾವು, ಕಪ್ಪೆ, ಇಲಿ, ಹುಳ ಎಲ್ಲ ಆ ಬಿಲಕ್ಕೆ. ಮುನ್ನೂರೈವತ್ತಕ್ಕೂ ಹೆಚ್ಚು ಜಾತಿಯ ಜೀವಿಗಳು ಅದನ್ನು ಬಳಸುತ್ತವೆಂದು ಲೆಕ್ಕ. ಯಜಮಾನರ ಕಾಡಿನಲ್ಲಿ ಅಂಥ ಬಿಲ ಏಳು. ಟ್ರಾಕ್ಟರು ಹತ್ತಬಾರದು ಅಂತ ಪ್ರತಿಯೊಂದಕ್ಕೂ ಕೆಂಪು ಪಟ್ಟಿಯ ಕೋಲು ನೆಟ್ಟಿದ್ದಾರೆ.

ನೆಡುವುದು ಸುಲಭ, ಕಾಯುವುದು ಕಷ್ಟ

ಯಜಮಾನರು ಹೇಳಿದ ಕೃಷಿ ಕ್ರಮ ಚುಟುಕಾಗಿ ಇಷ್ಟು. ಬೀಜದ ಮರವಿಲ್ಲದ ಜಾಗದಲ್ಲಿ ನೆಡಲೇಬೇಕು. ಟ್ರೇಯಲ್ಲಿ ಬೆಳೆಸಿದ ಬೇರುಗಟ್ಟಿನ ಸಸಿ ಮೇಲು. ಚಳಿಗಾಲದಲ್ಲಿ ನೆಡುವುದು, ಎಕರೆಗೆ 500-600. ಸುಳಿ ಮಣ್ಣಿನಲ್ಲಿ ಹುಗಿಯಬಾರದು, ಬೇರುಗಟ್ಟಿನ ಮೇಲ್ತುದಿ ಮಣ್ಣಿಗಿಂತ ಒಂಚೂರು ಮೇಲೇ ಇರಬೇಕು. ಮೊದಲ ವರ್ಷ ಕಳೆ ಬಿಟ್ಟರೆ ಗಿಡ ಹುಲ್ಲಿನ ಹಂತದಲ್ಲೇ ಸಿಕ್ಕಿಬೀಳುತ್ತದೆ. ಎರಡನೇ ವರ್ಷದ ಸುಮಾರಿಗೆ ಮೊದಲ ಬೆಂಕಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. ಹಂದಿ ಕಾಯುವುದು ಯಾವಾಗಲೂ.

ಹಳೆ ಕಾಡಿಗೆ ಬೇರೆ ಲೆಕ್ಕ. ಐವತ್ತು ವರ್ಷ ಬೆಂಕಿ ಕಾಣದ ಕಾಡಿಗೆ ಒಮ್ಮೆಲೇ ಬೆಂಕಿ ಹಾಕಿದರೆ ದೊಡ್ಡ ಮರಗಳೇ ಸಾಯುತ್ತವೆ! ಬುಡದ ಸುತ್ತ ಕೊಳೆತ ದರಕಿನ ದಪ್ಪ ಪದರ ಕೂತಿರುತ್ತದೆ. ಅದರೊಳಗೆ ಮರದ ಸಣ್ಣ ಬೇರುಗಳು ಹಬ್ಬಿರುತ್ತವೆ. ಆ ಪದರ ಜ್ವಾಲೆಯಿಲ್ಲದೆ ದಿನಗಟ್ಟಲೆ ಒಳಗೊಳಗೇ ಉರಿದು ಬೇರು ಬೇಯಿಸುತ್ತದೆ. ಅದಕ್ಕೆ, ಕೆಳಪದರ ಒದ್ದೆ ಇರುವಾಗ ತೆಳುವಾಗಿ ಸುಡುತ್ತಾ, ನಾಲ್ಕಾರು ಸಲದಲ್ಲಿ ಸರಿ ಮಾಡಬೇಕು. ಉಪವಾಸ ಬಿದ್ದವನಿಗೆ ಗಂಜಿಯಿಂದ ಶುರು ಮಾಡಿದ ಹಾಗೆ.

ಹುಟ್ಟುವಳಿ? "ಲಾಬ್‌ಲಾಲಿ ನೆಟ್ಟಿದ್ರೆ ಇಷ್ಟು ಹೊತ್ತಿಗೆ ಒಂದು ಸಲ ಮರ ಮಾರ್ತಿದ್ದೆ" ಎಂದು ಅವರೇ ಒಪ್ಪುತ್ತಾರೆ. ನೆಡುವ ಖರ್ಚಿನ ಪಾಲು ಸರಕಾರ ಕೊಟ್ಟಿದೆ, ಸಾಗುವಳಿ ಬಿಟ್ಟ ಜಾಗಕ್ಕೆ ವರ್ಷದ ಬಾಡಿಗೆಯೂ ಉಂಟು. ಅದಿಲ್ಲದಿದ್ದರೆ ಸಣ್ಣ ರೈತನಿಗೆ ಆಗದ ಮಾತು. ಮುಂದೆ ನೆಟ್ಟಗಿನ ಮರ ವಿದ್ಯುತ್ ಕಂಬಕ್ಕೆ ಹೋದರೆ ನಾಟಾಕ್ಕಿಂತ ಹೆಚ್ಚಿನ ಬೆಲೆ. ನಡುವೆ ದನ ಮೇಯಬಹುದು. ಇನ್ನೊಂದು ಹುಟ್ಟುವಳಿ ಕೇಳಿ ಕಿವಿ ನೆಟ್ಟಗಾಯಿತು: ಉದುರಿದ ಪೈನ್ ಎಲೆ! ಗುಡಿಸಿ ಪೆಂಡಿ ಕಟ್ಟಿ ಪೇಟೆಯ ಹೂತೋಟಗಳ ಮುಚ್ಚಿಗೆಗೆ ಮಾರುತ್ತಾರೆ. ನಮ್ಮ ದರಕಿನ ಹಾಗೇ. ಯಜಮಾನರು ಎರಡು ಸಲ ಮಾರಿ ನಿಲ್ಲಿಸಿದರು. ವರ್ಷ ವರ್ಷ ಗುಡಿಸಿದರೆ ನೆಲದ ಸಾರ ಹೋಗುತ್ತದೆ, ಬೆಂಕಿಗೆ ಹರಡಲು ಏನೂ ಉಳಿಯುವುದಿಲ್ಲ, ಹುಲ್ಲಿನ ಬುಡವೂ ಕಿತ್ತು ಬರುತ್ತದೆ.

2009ರಲ್ಲಿ ಹಲವು ರಾಜ್ಯಗಳ ಇಲಾಖೆಗಳು, ಸಂಘಗಳು, ಭೂಮಾಲಿಕರು ಸೇರಿ ಈ ಕಾಡನ್ನು 2025ರೊಳಗೆ 80 ಲಕ್ಷ ಎಕರೆಗೆ ಏರಿಸುವ ಯೋಜನೆ ಹಾಕಿದರು. ಆಗಿದ್ದು 50 ಲಕ್ಷದ ಆಸುಪಾಸು. ಗುರಿ ಮುಟ್ಟಿಲ್ಲ. ಆದರೆ ಇಳಿಯುತ್ತಲೇ ಬಂದ ಲೆಕ್ಕ ತಿರುಗಿ ಏರತೊಡಗಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವರ ಜಾಗ. ಯಜಮಾನರಂಥ ನಲವತ್ತು ಎಕರೆಯವರೂ ಅದರಲ್ಲಿದ್ದಾರೆ.

ನಮ್ಮ ಬೆಟ್ಟಕ್ಕೆ ಇದರಿಂದ ಏನು?

ಮೊದಲು ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಬೆಟ್ಟಕ್ಕೆ, ಕಾನಿಗೆ ಕಡ್ಡಿ ಗೀರಬೇಡಿ! ಪಶ್ಚಿಮ ಘಟ್ಟದ ನಮ್ಮ ನಿತ್ಯಹಸಿರು ಕಾಡಿನ ಮರಗಳಿಗೆ ತೆಳು ತೊಗಟೆ. ಸುಳಿ ಮುಚ್ಚಿಕೊಳ್ಳುವ ವಿದ್ಯೆ ನಮ್ಮ ಸಸಿಗಳಿಗೆ ಗೊತ್ತಿಲ್ಲ. ಅಲ್ಲಿ ಔಷಧವಾದದ್ದು ಇಲ್ಲಿ ವಿಷ. ನಮ್ಮ ರಾಜ್ಯದಲ್ಲೇ ಬಿಳಿಗಿರಿರಂಗನ ಬೆಟ್ಟದ ಒಣ ಕಾಡಿನಲ್ಲಿ ಸೋಲಿಗರು ವರ್ಷದ ಮೊದಲಲ್ಲಿ ತೆಳುವಾದ 'ತರಗು ಬೆಂಕಿ' ಹಾಕುತ್ತಿದ್ದರು. 1974ರಲ್ಲಿ ವನ್ಯಧಾಮ ಆದ ಮೇಲೆ ಅದು ನಿಂತಿತು. ಲಂಟಾನ ಹೀಗೆ ಹಬ್ಬಿದ್ದಕ್ಕೆ ಅದೂ ಕಾರಣ ಎನ್ನುವುದು ಸೋಲಿಗರ ಮಾತು. ಒಣ ಕಾಡಿನ ಲೆಕ್ಕ ಬೇರೆ, ಮಲೆಯ ಲೆಕ್ಕ ಬೇರೆ.

ನಾನು ತಂದ ಪಾಠ ಬೆಂಕಿಯದಲ್ಲ. ಗಿಡ ನೆಟ್ಟರೆ ಕಾಡಾಗುವುದಿಲ್ಲ, ಆ ಕಾಡು ನಡೆಯುತ್ತಿದ್ದ ಕ್ರಮ ಯಾವುದೋ ಅದನ್ನು ತಿರುಗಿ ತರಬೇಕು. ಅಲ್ಲಿ ನಿಂತು ಹೋದ ಕ್ರಮ ಬೆಂಕಿ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ನಿಂತು ಹೋದದ್ದು ಏನು? ವಿಶ್ರಾಂತಿ! ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ ಕೊಟ್ಟದ್ದು, ಒಂದು ಕಡೆ ಸೊಪ್ಪು ಕಡಿದರೆ ಇನ್ನೊಂದು ಕಡೆ ಚಿಗುರಲಿ ಅಂತ. ಅಪ್ಪನ ಕಾಲದಲ್ಲಿ ಸರದಿ ಇತ್ತು. ನನ್ನ ಕಾಲದಲ್ಲಿ ವರ್ಷ ವರ್ಷ ಇಡೀ ಬೆಟ್ಟದ ದರಕು ಗುಡಿಸಿ ತಂದೆ. ಬೀಜ ಬಿದ್ದರೂ ಗುಡಿಸಿ ಹೋಯಿತು. ಅಕೇಶಿಯಾ ಮಾತ್ರ ಎದ್ದಿತು.

ಊರಿಗೆ ಬಂದ ಮೇಲೆ ಬೆಟ್ಟ ಮೂರು ಪಾಲು ಮಾಡಿದ್ದೇನೆ. ಒಂದು ಪಾಲಿಗೆ ಮೂರು ವರ್ಷ ಪೊರಕೆ ಇಲ್ಲ, ಕತ್ತಿ ಇಲ್ಲ. ಜನವರಿಯಲ್ಲೇ ಸುತ್ತ ಬೆಂಕಿರೇಖೆ. ಅಕೇಶಿಯಾ ಇದ್ದಲ್ಲೇ ಇದೆ. ಬೆಟ್ಟದ ಯಾವ ಮರಕ್ಕಾದರೂ ಅರಣ್ಯ ಇಲಾಖೆಯನ್ನು ಕೇಳದೆ ಕೈ ಹಾಕುವ ಹಾಗಿಲ್ಲವಲ್ಲ. ಎರಡು ಮಳೆಗಾಲ ಕಳೆದಿದೆ. ಅದರ ನೆರಳಲ್ಲಿ ಮತ್ತಿ, ಕಿಂದಳ, ಕೆಲವು ಹೊನ್ನೆ ಮೊಳೆತದ್ದು ಕಾಣುತ್ತದೆ. 2003ರಲ್ಲಿ ಸುಟ್ಟ ಜಾಗದಲ್ಲಿ ನಂದಿ ಸಸಿ ಹನ್ನೊಂದು ಎಣಿಸಿದೆ. ಗೇಣೆತ್ತರ. ಎದೆಮಟ್ಟ ಬರಲು ಎಷ್ಟೋ ವರ್ಷ ಬೇಕು. ನೋಡಲು ಅಪ್ಪ ಇಲ್ಲ.

ಸೊಪ್ಪಿನ ಬೆಟ್ಟ, ಕಾನು, ಕುಮ್ಕಿ ಯಾವುದೇ ಇರಲಿ, ಹೀಗೆ ಸರದಿಯಲ್ಲಿ ಬಿಟ್ಟು ನೋಡಿದವರು, ಸೋತವರೂ ಸೇರಿ, ತಮ್ಮ ಅನುಭವ ಬರೆಯಿರಿ. ದರಕಿನ ಕೊರತೆ ಹೇಗೆ ತುಂಬಿಸಿದಿರಿ ಅನ್ನುವುದನ್ನು ಮರೆಯದೆ ತಿಳಿಸಿ. ನನ್ನ ಕೊಟ್ಟಿಗೆಗೆ ಈಗ ಅದೇ ತಲೆಬಿಸಿ.